17 ಸಾವಿರ ಟನ್ ಅಡಿಕೆಯ ಸುದ್ದಿ: ಚನ್ನಗಿರಿ ಸೀಮೆಯ ಒಂದು ವಾಟ್ಸಾಪ್ ಗುಂಪಿನ ಪ್ರಕರಣ

2022ರ ಸೆಪ್ಟೆಂಬರ್ 28ರಂದು ಕೇಂದ್ರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ ಒಂದು ಅಧಿಸೂಚನೆ ಹೊರಡಿಸಿತು. ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಯನ್ನು ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯ ಮೂಲಕ ತರಿಸಿಕೊಳ್ಳಬಹುದು, ಅದಕ್ಕೆ ಕನಿಷ್ಠ ಆಮದು ಬೆಲೆಯ ಷರತ್ತು ಇರುವುದಿಲ್ಲ ಎಂಬುದು ಅದರ ಸಾರ. ಆಗ ಆ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ ಇತ್ತು, ಅದಕ್ಕಿಂತ ಅಗ್ಗದ ಅಡಿಕೆಯನ್ನು ಹೊರಗಿನಿಂದ ತರಿಸುವಂತಿರಲಿಲ್ಲ. ದೆಹಲಿಯಲ್ಲಿ ಹೊರಬಿದ್ದ ಈ ಆದೇಶ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಒಂದು ಊರನ್ನು ತಲುಪುವಷ್ಟರಲ್ಲಿ ಏನಾಗಿತ್ತು, ಆ ಊರು ಅದರಿಂದ ಏನು ಕಲಿಯಿತು, ಏನನ್ನು ತಪ್ಪಾಗಿ ಕಲಿಯಿತು ಎಂಬುದು ಈ ಬರಹದ ವಿಷಯ. ಊರಿನ ಹೆಸರನ್ನೂ ಜನರ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಅಡಿಕೆ ಮಾರಿದ ದುಡ್ಡಿನ ಲೆಕ್ಕ ಯಾರಿಗೂ ಬಯಲಿನಲ್ಲಿ ಹೇಳಿಕೊಳ್ಳುವ ವಿಷಯವಲ್ಲ. ಮುಂದೆ ಬರುವ ಹಾಗೆ, ಈ ಪ್ರಕರಣದ ಗಂಟು ಬಿಗಿದುಕೊಂಡಿದ್ದೂ ಅಲ್ಲಿಯೇ.

ಭದ್ರಾ ನಾಲೆಯ ಬದಿಯ ಊರು. ಹಿಂದೆ ಭತ್ತದ ಗದ್ದೆಯಾಗಿದ್ದ ಜಾಗದಲ್ಲಿ ಈಗ ಹೆಚ್ಚುಕಡಿಮೆ ಎಲ್ಲವೂ ಅಡಿಕೆ ತೋಟ. ಧಾರಣೆ ತಿಳಿಯಲು ಹಿಂದಿನವರಿಗೆ ಇದ್ದ ದಾರಿಗಳು ಕೆಲವೇ: ಪತ್ರಿಕೆಯ ವಾಣಿಜ್ಯ ಪುಟ, ಭದ್ರಾವತಿ ಆಕಾಶವಾಣಿ, ಮಂಡಿಯ ಗುಮಾಸ್ತ, ಚನ್ನಗಿರಿಯ ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್, ಇಲ್ಲವೇ ಶಿವಮೊಗ್ಗಕ್ಕೆ ಹೋಗಿ ಬಂದ ನೆಂಟ. ಈ ದಾರಿಗಳೆಲ್ಲ ನಿಧಾನ. ಆದರೆ ಹೇಳಿದವರು ಯಾರು ಎಂಬುದು ಗೊತ್ತಿರುತ್ತಿತ್ತು. ಗುಮಾಸ್ತ ಸುಳ್ಳು ಹೇಳಿದರೆ ಮುಂದಿನ ವಾರ ಅವನೆದುರು ನಿಂತು ಕೇಳಬಹುದಿತ್ತು.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಊರಿನ ಒಬ್ಬ ಯುವಕ ಅಡಿಕೆ ಧಾರಣೆಗೆಂದೇ ವಾಟ್ಸಾಪ್ ಗುಂಪು ಮಾಡಿದ. ಆಗಿನ 256 ಸದಸ್ಯರ ಮಿತಿ ಬೇಗನೆ ತುಂಬಿತು, ಎರಡನೆಯ ಗುಂಪು ಹುಟ್ಟಿತು. ಬೆಳೆಗಾರರ ಜೊತೆಗೆ ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ಖೇಣಿದಾರರು, ಸುಲಿಯುವ ಯಂತ್ರ ಇಟ್ಟವರು, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದು ಊರಿನಲ್ಲಿ ತೋಟ ಇರುವವರು, ನಿವೃತ್ತ ಮೇಷ್ಟ್ರು, ಹೀಗೆ ಎಲ್ಲರೂ ಸೇರಿದರು. ಹೆಂಗಸರು ಬೆರಳೆಣಿಕೆಯಷ್ಟು. ತೋಟ ಅವರ ಹೆಸರಿನಲ್ಲಿದ್ದರೂ ಗುಂಪಿನಲ್ಲಿರುವ ಮೊಬೈಲ್ ಸಂಖ್ಯೆ ಮಗನದು.

ಒಂದು ಸಂಖ್ಯೆ ಹೇಳದ ಸಂಗತಿ

ಭೂತಾನ್ ಪ್ರಸಂಗಕ್ಕೆ ಹೋಗುವ ಮೊದಲು ಆ ಗುಂಪಿನ ದಿನನಿತ್ಯದ ಸುದ್ದಿ ಎಂಥದ್ದಿತ್ತು ಎಂದು ಹೇಳಲೇಬೇಕು. ಮುಂದೆ ಆದದ್ದಕ್ಕೆ ನೆಲ ಹದವಾದದ್ದು ಅಲ್ಲಿ.

ದಿನಾ ಬರುತ್ತಿದ್ದ ಸಂದೇಶ ಒಂದೇ ಸಾಲು: ‘ಇಂದಿನ ರಾಶಿ’, ಮುಂದೆ ಒಂದು ಮೊತ್ತ. ಅದು ರಾಶಿ ಎಂಬ ದರ್ಜೆಯ ಅಡಿಕೆಗೆ ಆ ದಿನ ಸಿಕ್ಕ ಗರಿಷ್ಠ ದರ. ಮಾರುಕಟ್ಟೆಯ ಲೆಕ್ಕದಲ್ಲಿ ದರಗಳು ಮೂರು. ಕನಿಷ್ಠ, ಗರಿಷ್ಠ, ಮತ್ತು ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಆ ಮಾದರಿ ದರ. ರಾಜ್ಯದ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಮೂರೂ ಇರುತ್ತವೆ. ಗರಿಷ್ಠ ದರ ಒಂದೆರಡು ಲಾಟಿಗೆ ಸಿಕ್ಕಿದ್ದಿರಬಹುದು: ಬಣ್ಣ ಚೆನ್ನಾಗಿ ಬಂದು, ಒಣಗಿದ್ದು ಸರಿಯಾಗಿ, ಕಲಬೆರಕೆ ಇಲ್ಲದ ಮಾಲಿಗೆ. ಬೆಳೆಗಾರನ ಮನಸ್ಸಿನಲ್ಲಿ ಕೂರುವುದು ಅದೊಂದೇ. ಮಂಡಿಯಲ್ಲಿ ತನ್ನ ಮಾಲಿಗೆ ಅದಕ್ಕಿಂತ ಕ್ವಿಂಟಲಿಗೆ ಎರಡು ಮೂರು ಸಾವಿರ ಕಡಿಮೆ ಬಂದಾಗ ‘ಮೋಸ’ ಎನ್ನುತ್ತಾನೆ. ಕೆಲವು ಸಲ ಮೋಸವೇ ಇರುತ್ತದೆ, ಆ ಮಾತು ಬೇರೆ. ಆದರೆ ಮೋಸ ಯಾವುದು, ಮಾಲಿನ ಗುಣ ಯಾವುದು ಎಂದು ಬೇರ್ಪಡಿಸಿ ನೋಡುವ ದಾರಿಯನ್ನೇ ಆ ಒಂದು ಸಾಲು ಮುಚ್ಚಿಬಿಡುತ್ತಿತ್ತು.

ಇನ್ನೊಂದು ಗೊಂದಲ ದರ್ಜೆಯಲ್ಲಿ. ಶಿವಮೊಗ್ಗ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆಗಳಿವೆ. ಸರಕಿನ ದರ ರಾಶಿಗಿಂತ ಬಹಳ ಮೇಲಿರುತ್ತದೆ, ಗೊರಬಲು ಬಹಳ ಕೆಳಗೆ. ಚನ್ನಗಿರಿ ಕಡೆಯ ಮಾಲು ಬಹುಪಾಲು ರಾಶಿ. ಯೂಟ್ಯೂಬಿನ ವಿಡಿಯೊಗಳಿಗೆ ಈ ತಾಪತ್ರಯ ಬೇಕಿಲ್ಲ. ಸರಕಿನ ದರವನ್ನು ಹಿಡಿದು, ಮೇಲೆ ಹೋಗುವ ಕೆಂಪು ಬಾಣ ಹಾಕಿ, ‘ಅಡಿಕೆ ದಾಖಲೆ ಬೆಲೆ’ ಎಂದು ಬರೆದರೆ ನೋಡುವವರು ತಾವಾಗಿ ಬರುತ್ತಾರೆ. ಆ ವಿಡಿಯೊದ ಕೊಂಡಿ ಗುಂಪಿಗೆ ಬಂದ ಸಂಜೆ ‘ನಮ್ಮ ಮಂಡಿಯವರು ನಮ್ಮನ್ನು ಸುಲಿಯುತ್ತಿದ್ದಾರೆ’ ಎಂಬ ಧ್ವನಿ ಸಂದೇಶಗಳ ಸರಮಾಲೆ. ಸುದ್ದಿ ಸುಳ್ಳಲ್ಲ, ಸರಕು ಆ ದರಕ್ಕೆ ಹೋದದ್ದು ನಿಜ. ಕೇಳಿದವರ ಮಾಲಿಗೆ ಅದು ಸಂಬಂಧಿಸಿದ್ದಲ್ಲ, ಅಷ್ಟೆ. ಸುಳ್ಳು ಸುದ್ದಿಯ ಬಗ್ಗೆ ಇಷ್ಟೊಂದು ಭಾಷಣ ನಡೆಯುವ ಕಾಲದಲ್ಲಿ, ಸಂಬಂಧವಿಲ್ಲದ ನಿಜದಿಂದಾಗುವ ಹಾನಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಅನ್ನಿಸುವುದು ಇಂಥ ಕಡೆ.

ಸುದ್ದಿ ಬಂದ ಬಗೆ

ಆಮದಿನ ಸುದ್ದಿ ಗುಂಪಿಗೆ ಬಂದಾಗ ಕೊಯ್ಲು ನಡೆಯುತ್ತಿತ್ತು. ಈ ಭಾಗದಲ್ಲಿ ಆಗಸ್ಟಿನಿಂದ ವರ್ಷದ ಕೊನೆಯವರೆಗೂ ಅಡಿಕೆ ಗೊನೆ ಇಳಿಸುತ್ತಾರೆ. ಮೊದಲು ಬಂದದ್ದು ಪತ್ರಿಕೆಯ ತುಣುಕಿನ ಚಿತ್ರ. ಅದರಲ್ಲಿ ‘ಹಸಿ ಅಡಿಕೆ’ ಎಂದೇ ಇತ್ತು. ನಂತರ ಯಾರೋ ಅದನ್ನು ತಮ್ಮ ಮಾತಿನಲ್ಲಿ ಬರೆದ ಸಂದೇಶ ಬಂತು. ಅಲ್ಲಿ ‘ಹಸಿ’ ಬಿದ್ದುಹೋಗಿತ್ತು. ಬೇಕೆಂದು ತೆಗೆದಿರಲಾರರು. ಬರೆಯುವವನ ಕೋಪಕ್ಕೆ ಅದು ಬೇಕಿರಲಿಲ್ಲ, ಬಿಟ್ಟುಹೋಯಿತು. ಸಂಜೆಯ ಹೊತ್ತಿಗೆ ಇನ್ನೊಂದು ಸಂದೇಶದಲ್ಲಿ ‘ವರ್ಷಕ್ಕೆ’ ಹೋಗಿ ‘ಈ ತಿಂಗಳೇ’ ಎಂದಾಗಿತ್ತು. ಮರುದಿನ ಬಂದರಿನಲ್ಲಿ ನಿಂತ ಹಡಗಿನ ಚಿತ್ರವೂ ಸೇರಿಕೊಂಡಿತು. ಭೂತಾನಿಗೆ ಸಮುದ್ರವೇ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹಸಿ ಎಂಬ ವಿವರ ಎಷ್ಟು ತೂಕದ್ದು ಎಂಬುದನ್ನು ಈ ಊರಿನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಸಿಪ್ಪೆಸಹಿತ ಒಂದು ಕ್ವಿಂಟಲ್ ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದರೆ 12–13 ಕಿಲೋ ಒಣ ಅಡಿಕೆ ಸಿಗುತ್ತದೆ. ಖೇಣಿದಾರರ ವ್ಯವಹಾರವೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ. ಅದೇ ಲೆಕ್ಕ ಹಿಡಿದರೆ 17 ಸಾವಿರ ಟನ್ ಎಂಬುದು ಹೆಚ್ಚೆಂದರೆ ಸುಮಾರು 2,200 ಟನ್ ಒಣ ಅಡಿಕೆ. ದೇಶದ ಉತ್ಪಾದನೆ ಲಕ್ಷಗಟ್ಟಲೆ ಟನ್, ಅದರಲ್ಲಿ ಸಿಂಹಪಾಲು ಕರ್ನಾಟಕದ್ದೇ. ತಮ್ಮ ಅಂಗಳದಲ್ಲಿ ದಿನಾ ಮಾಡುವ ಗುಣಾಕಾರವನ್ನು ಮೊಬೈಲಿನಲ್ಲಿ ಬಂದ ಸಂಖ್ಯೆಗೆ ಮಾಡಿ ನೋಡಲು ಅಂದು ಒಬ್ಬರ ಹೊರತು ಯಾರೂ ಹೋಗಲಿಲ್ಲ.

ಆ ಒಬ್ಬರು ನಿವೃತ್ತ ಮೇಷ್ಟ್ರು. ಕಾಗದದ ಮೇಲೆ ಲೆಕ್ಕ ಬರೆದು, ಅದರ ಚಿತ್ರ ತೆಗೆದು ಹಾಕಿದರು. ಅದಕ್ಕೆ ಬಂದ ಮೊದಲ ಉತ್ತರ ಕೈಮುಗಿದ ಚಿಹ್ನೆ. ಎರಡನೆಯದು, ‘ಮೇಷ್ಟ್ರೇ, ನಿಮಗೆ ಪಿಂಚಣಿ ಇದೆ’.

ವಾಟ್ಸಾಪ್ ಕಂಪನಿಯ ಕಡಿವಾಣಗಳು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಭಾರತದಲ್ಲಿ 2018ರಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದು ಎಂಬ ಮಿತಿ ಬಂತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದು ಎಂದಾಯಿತು. ಅಂಥದ್ದಕ್ಕೆ ಜೋಡಿ ಬಾಣದ ಗುರುತೂ ಬೀಳುತ್ತದೆ. ಆದರೆ ಬರಹವನ್ನು ನಕಲು ಮಾಡಿ ಹೊಸದಾಗಿ ಅಂಟಿಸಿದರೆ ಗುರುತು ಮಾಯ. ಹತ್ತು ಊರು ಸುತ್ತಿ ಬಂದ ಸಂದೇಶ ಪಕ್ಕದ ಮನೆಯವನೇ ಬರೆದಂತೆ ಕಾಣುತ್ತದೆ. ಈ ಊರಿನಲ್ಲಿ ಹೀಗೆ ಅಂಟಿಸಿದವರಲ್ಲಿ ಕೇಡು ಬಯಸಿದವರು ಯಾರೂ ಇರಲಿಲ್ಲ. ತಮಗಿಂತ ಮೊದಲು ಬೇರೆಯವರು ಹೇಳಿಬಿಟ್ಟಾರು ಎಂಬ ಅವಸರ, ಅಷ್ಟೆ.

ಅಟ್ಟದ ಮೇಲಿದ್ದ ಮಾಲು

ಎರಡು ಎಕರೆ ತೋಟದ ಒಬ್ಬ ತಾಯಿಯ ಮನೆಯಲ್ಲಿ ಹಿಂದಿನ ವರ್ಷದ ಒಣ ಅಡಿಕೆ ಚೀಲಗಳಲ್ಲಿ ಉಳಿದಿತ್ತು. ಗಂಡ ಇಲ್ಲ. ಮಗಳ ಕಾಲೇಜಿನ ಖರ್ಚಿಗೆಂದು ಎತ್ತಿಟ್ಟ ಮಾಲು. ಗುಂಪಿನಲ್ಲಿ ಇದ್ದವನು ಮೈದುನನ ಮಗ. ಅವನು ಬಂದು ಸಂದೇಶ ಓದಿ ಹೇಳಿದ: ‘ದೊಡ್ಡಮ್ಮ, ಇಂದು ಕೊಟ್ಟರೆ ಬೆಲೆ, ನಾಳೆ ಕೇಳುವವರಿರುವುದಿಲ್ಲ’. ಅದೇ ವಾರ ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ, ಆ ದಿನದ ಮಾದರಿ ದರಕ್ಕಿಂತ ಕ್ವಿಂಟಲಿಗೆ ಸುಮಾರು ಮೂರು ಸಾವಿರ ಕಡಿಮೆಗೆ, ಎಲ್ಲವನ್ನೂ ತೂಗಿ ಕೊಟ್ಟರು. ಆ ವ್ಯಾಪಾರಿಯೂ ಗುಂಪಿನ ಸದಸ್ಯನೇ. ಸಂದೇಶ ಅವನು ಹರಡಿದ್ದಲ್ಲ. ಆದರೆ ಯಾರು ಎಷ್ಟು ಹೆದರಿದ್ದಾರೆ ಎಂಬುದನ್ನು ಅವನು ಕೂತಲ್ಲೇ ಓದುತ್ತಿದ್ದ. ಹಿಂದೆ ಇದಕ್ಕೆ ಅವನು ಹತ್ತು ಮನೆಯ ಜಗುಲಿಯಲ್ಲಿ ಕುಳಿತು ಚಹಾ ಕುಡಿಯಬೇಕಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಎಲ್ಲರೂ ಬರೆಯುವ ಕಥೆ: ಗಾಳಿಸುದ್ದಿಗೆ ಹೆದರಿ ಬಡ ಹೆಣ್ಣುಮಗಳು ನಷ್ಟ ಮಾಡಿಕೊಂಡಳು. ಆದರೆ ಮುಂದೆ ನಡೆದದ್ದು ಈ ಕಥೆಯ ಮಾತು ಕೇಳಲಿಲ್ಲ. ಆ ಋತುವಿನಲ್ಲಿ ಧಾರಣೆ ನಿಜವಾಗಿಯೂ ಇಳಿಯುತ್ತ ಹೋಯಿತು. ಡಿಸೆಂಬರ್ ಹೊತ್ತಿಗೆ ರಾಶಿ ಕ್ವಿಂಟಲಿಗೆ 40 ಸಾವಿರದ ಆಸುಪಾಸಿಗೆ ಬಂದಿತ್ತು, ಆ ತಾಯಿ ಮಾರಿದ ದರಕ್ಕಿಂತ ಕೆಳಗೆ. ಹೆದರಿ ಮಾರಿದವರು ಗೆದ್ದರು. ಲೆಕ್ಕ ಹಾಕಿ ‘ಧೈರ್ಯವಾಗಿರಿ’ ಎಂದ ಮೇಷ್ಟ್ರು ಗುಂಪಿನ ಹಾಸ್ಯಕ್ಕೆ ವಸ್ತುವಾದರು. ಅವರ ಕಾಗದದ ಚಿತ್ರವನ್ನು ಮತ್ತೆ ಮತ್ತೆ ಹಾಕಿ ನಕ್ಕವರಿದ್ದರು.

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆಂದು ಕಂಡ ಭಾಗ ಇದು. ತಪ್ಪು ಮಾಹಿತಿ ನಷ್ಟ ತಂದರೆ ಜನ ಪಾಠ ಕಲಿಯುತ್ತಾರೆ ಎಂದು ನಾವು ನಂಬಿದ್ದೇವೆ. ತಪ್ಪು ಮಾಹಿತಿ ಲಾಭ ತಂದರೆ? ಆಗ ಅವರು ಕಲಿಯುವುದು ತಿರುಗುಮುರುಗಾದ ಪಾಠ. ‘ಅಂದು ಸಂದೇಶ ನಂಬಿದ್ದಕ್ಕೆ ಬದುಕಿದೆವು’ ಎಂಬ ಮಾತು ಆ ಚಳಿಗಾಲದಲ್ಲಿ ಊರಿನಲ್ಲಿ ಗಟ್ಟಿಯಾಯಿತು. 2,200 ಟನ್ನಿನಿಂದ ಅಷ್ಟು ದೊಡ್ಡ ಇಳಿತ ಹುಟ್ಟಲಾರದು, ಕೊಯ್ಲಿನ ಕಾಲಕ್ಕೆ ಮಾಲು ಒಮ್ಮೆಲೇ ನುಗ್ಗುವುದು, ವ್ಯಾಪಾರಿಗಳು ಕಾದು ನೋಡುವುದು, ಹೆದರಿದ ಬೆಳೆಗಾರರೇ ದಾಸ್ತಾನನ್ನು ಹೊರಗೆ ಹಾಕುವುದು ಇವೆಲ್ಲ ಸೇರುತ್ತವೆ ಎಂದು ಮೇಷ್ಟ್ರು ಧ್ವನಿ ಸಂದೇಶ ಕಳುಹಿಸಿದರು. ನೀಲಿ ಗುರುತು ಬಿದ್ದವು, ಉತ್ತರ ಬರಲಿಲ್ಲ.

ಮುಂದೆ 2023ರ ಫೆಬ್ರವರಿಯಲ್ಲಿ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಆ ವರ್ಷದ ಮಳೆಗಾಲದಲ್ಲಿ ರಾಶಿ ಮತ್ತೆ 50 ಸಾವಿರ ದಾಟಿತು. ಭೂತಾನಿನ ಹಸಿ ಅಡಿಕೆಯ ಅನುಮತಿ ಆಗಲೂ ಇದ್ದೇ ಇತ್ತು. ಮಾರದೆ ಕಾದವರಿಗೆ ಒಳ್ಳೆಯ ದರ ಸಿಕ್ಕಿತು. ಆಗ ಮೇಷ್ಟ್ರನ್ನು ನೆನೆಸಿಕೊಂಡವರು ಮಾತ್ರ ಯಾರೂ ಇಲ್ಲ. ಗುಂಪಿನ ನೆನಪು ಅಷ್ಟು ಹಿಂದಕ್ಕೆ ಹೋಗುವುದಿಲ್ಲ, ಬೆರಳಿನಿಂದ ಎಷ್ಟು ಮೇಲಕ್ಕೆ ಎಳೆಯಲು ತಾಳ್ಮೆ ಇದೆಯೋ ಅಷ್ಟು.

ಅದೇ ಗುಂಪು ಚೆನ್ನಾಗಿ ಕಲಿಸಿದ್ದು

ಗುಂಪಿನಿಂದ ಕೇಡೇ ಆಯಿತು ಎಂದರೆ ಅನ್ಯಾಯ. ಅದೇ 2022ರಲ್ಲಿ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕೆ ರೋಗ ಜೋರಾಗಿತ್ತು. ಅದರ ಚಿತ್ರಗಳು ಇಲ್ಲಿಗೆ ರೋಗಕ್ಕಿಂತ ಮೊದಲು ಬಂದವು. ರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದನ್ನು ಹಲವು ಕಿರಿಯರು ಕಲಿತದ್ದು ಮೊಬೈಲಿನಲ್ಲಿಯೇ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಒಟ್ಟು ನೂರು ಲೀಟರ್ ನೀರು, ಇಷ್ಟು ಕೇಳಿದವರಿಗೆಲ್ಲ ಗೊತ್ತಿತ್ತು. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ತಿರುಗಿಸಿ ಅಲ್ಲ, ಲೋಹದ ಪಾತ್ರೆ ಬಳಸಬಾರದು ಎಂಬುದು ಕೈಯ ಕೆಲಸವನ್ನು ಕಣ್ಣಿನಿಂದ ನೋಡಿದಾಗ ತಲೆಯಲ್ಲಿ ನಿಂತಿತು. ಒಬ್ಬ ಹುಡುಗ ಕುಡುಗೋಲಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದ ಚಿತ್ರ ಹಾಕಿದ. ಅಲಗಿಗೆ ಕೆಂಪು ಬಣ್ಣ ಹತ್ತಿತ್ತು. ಕೆಲವೇ ನಿಮಿಷದಲ್ಲಿ ಪಕ್ಕದ ತೋಟದ ಹಿರಿಯರೊಬ್ಬರು ‘ಸುಣ್ಣ ಸಾಲದು, ಹೊಡೆಯಬೇಡ, ಎಲೆ ಸುಡುತ್ತದೆ’ ಎಂದು ಧ್ವನಿ ಸಂದೇಶ ಕಳುಹಿಸಿದರು. ಅವರಿಗೆ ಬರೆಯಲು ಬಾರದು. ರೇಡಿಯೊ ಕಾಲದಲ್ಲಿ ಅವರು ಕೇಳುಗರು ಮಾತ್ರ ಆಗಿರುತ್ತಿದ್ದರು. ಇಲ್ಲಿ ಕಲಿಸುವವರಾದರು.

ಈ ಕಲಿಕೆಗೂ ಆ ಗಾಬರಿಗೂ ವ್ಯತ್ಯಾಸ ಎಲ್ಲಿದೆ ಎಂದು ನೋಡಿದರೆ, ಒಂದೇ ಕಡೆ. ಕುಡುಗೋಲಿನ ಚಿತ್ರ ಹಾಕಿದವನಿಗೆ ಹೆಸರಿತ್ತು, ತೋಟವಿತ್ತು, ಅವನ ದ್ರಾವಣ ಕೆಟ್ಟರೆ ಕೆಡುವುದು ಅವನ ಗಿಡ. ಹಡಗಿನ ಚಿತ್ರಕ್ಕೆ ವಾರಸುದಾರರಿರಲಿಲ್ಲ.

ಪಟ್ಟಿ ಹಾಕುವ ಪದ್ಧತಿ

ಗುಂಪು ಮಾಡಿದ ಅಡ್ಮಿನ್ ಯುವಕ ಈ ವ್ಯತ್ಯಾಸವನ್ನು ಹೀಗೆ ಮಾತಿನಲ್ಲಿ ಹೇಳಿದವನಲ್ಲ, ಆದರೆ ಅವನು ಮಾಡಿದ ಕೆಲಸ ಅದರಿಂದಲೇ ಹುಟ್ಟಿದ್ದು. 2023ರ ಕೊಯ್ಲಿನ ಹೊತ್ತಿಗೆ ಅವನು ತನ್ನ ಮಾಲು ಮಾರಿದ ಪಟ್ಟಿಯನ್ನೇ, ಎಂದರೆ ಮಾರಾಟದ ಲೆಕ್ಕದ ಚೀಟಿಯನ್ನೇ, ಗುಂಪಿಗೆ ಹಾಕಿದ: ದಿನಾಂಕ, ಯಾವ ಮಾರುಕಟ್ಟೆ, ಯಾವ ದರ್ಜೆ, ತೂಕ, ದರ, ಕಡಿತ, ಕೈಗೆ ಬಂದ ಮೊತ್ತ. ಜೊತೆಗೆ ಆ ಮಾಲಿನ ಒಂದು ಹಿಡಿಯ ಚಿತ್ರ. ಇನ್ನು ಕೆಲವರೂ ಹಾಕಿದರು. ದಿನದ ಧಾರಣೆ ಸಂದೇಶದಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಮೂರೂ ಇರಬೇಕು, ಮಾರುಕಟ್ಟೆಯ ಹೆಸರು ಇರಬೇಕು, ಇಲ್ಲವಾದರೆ ಅಳಿಸುತ್ತೇನೆ ಎಂದು ಅವನು ಹೇಳಿದ, ಅಳಿಸಿದ ಕೂಡ. ಒಬ್ಬರು ಸಿಟ್ಟಾಗಿ ಗುಂಪು ಬಿಟ್ಟರು. ವಾರದಲ್ಲಿ ಮರಳಿದರು.

ಇದರ ಪರಿಣಾಮ ಮಂಡಿಯಲ್ಲಿ ಕಂಡಿತು. ಹಿಂದೆ ‘ವಾಟ್ಸಾಪಿನಲ್ಲಿ ಇಷ್ಟಿದೆಯಲ್ಲ’ ಎಂದು ಜಗಳಕ್ಕೆ ನಿಲ್ಲುತ್ತಿದ್ದವರು ಈಗ ಪಟ್ಟಿಯ ಜೊತೆಗಿದ್ದ ಮಾಲಿನ ಚಿತ್ರವನ್ನು ತೋರಿಸಿ, ‘ಇದೇ ಬಣ್ಣದ ಮಾಲಿಗೆ ನಿನ್ನೆ ಇಷ್ಟು ಕೊಟ್ಟಿದ್ದೀರಿ’ ಎನ್ನತೊಡಗಿದರು. ಈ ಮಾತಿಗೆ ಗುಮಾಸ್ತ ಉತ್ತರ ಕೊಡಲೇಬೇಕು. ಕೆಲವರು ಒಣಗಿಸುವುದನ್ನೇ ಸುಧಾರಿಸಿಕೊಂಡರು. ತಮ್ಮ ಮಾಲು ಯಾಕೆ ಕೆಳಗೆ ನಿಂತಿತು ಎಂದು ಚಿತ್ರ ನೋಡಿದಾಗ ತಿಳಿದಿತ್ತು.

‘ಅಡಿಕೆ ನಿಷೇಧ’ ಎಂಬ ಸಂದೇಶ ಬಂದಾಗಲೂ ಗುಂಪು ಬೇರೆಯಾಗಿ ನಡೆದುಕೊಂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿದ ವರದಿ ಪ್ರಕಟವಾದದ್ದು 2004ರಲ್ಲಿ. ಅದನ್ನೇ ನಿನ್ನೆ ನಡೆದದ್ದೆಂಬಂತೆ ಯಾರೋ ಬರೆದಿದ್ದರು. ಯಾರೋ ವರ್ಷ ಹುಡುಕಿ ಹಾಕಿದರು, ಗಾಬರಿ ಅಲ್ಲಿಗೆ ನಿಂತಿತು. ಆದರೆ ಗುಂಪು ಸಂಭ್ರಮಿಸಿದ ರೀತಿ ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯ ವರದಿ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ‘ಇದು ಹಳೆಯದು’ ಎಂಬ ಉತ್ತರ ದಿನಾಂಕದ ಪ್ರಶ್ನೆಯನ್ನು ಬಗೆಹರಿಸಿತು. ಅಡಿಕೆ ಅಗಿಯುವವರ ಬಾಯಿಯ ಪ್ರಶ್ನೆಯನ್ನು ಮುಟ್ಟಲೂ ಇಲ್ಲ. ತಮ್ಮ ಅನ್ನಕ್ಕೆ ಕಲ್ಲು ಬೀಳುವ ವಿಷಯವನ್ನು ಯಾವ ಗುಂಪೂ ತಾನಾಗಿ ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಈ ಗುಂಪೂ ಎತ್ತಿಕೊಂಡಿಲ್ಲ.

ಪಟ್ಟಿಯ ಬೆಲೆ

ಪಟ್ಟಿ ಹಾಕುವುದಕ್ಕೂ ಬೆಲೆ ತೆರಬೇಕಾಯಿತು. ಹಣ ಬಂದ ಸುದ್ದಿ ಗುಂಪಿನಲ್ಲಿ ಬಿದ್ದ ಸಂಜೆಯೇ ಸಾಲ ಕೊಟ್ಟವರು ಬಾಗಿಲಿಗೆ ಬಂದರು. ಅಣ್ಣತಮ್ಮಂದಿರ ನಡುವೆ ಪಾಲಿನ ವ್ಯಾಜ್ಯ ಇದ್ದ ಒಂದು ಮನೆಯಲ್ಲಿ, ಒಬ್ಬನ ಪಟ್ಟಿ ಇನ್ನೊಬ್ಬನ ವಕೀಲರ ಕೈ ಸೇರಿತು. ಖೇಣಿದಾರರಿಗೆ ಯಾರ ಬಳಿ ಇನ್ನು ಎಷ್ಟು ಮಾಲು ಉಳಿದಿದೆ ಎಂದು ಕಳೆದು ನೋಡುವುದು ಸುಲಭವಾಯಿತು. ಮಾಲು ಮಾರಿದ ಆ ತಾಯಿಯನ್ನೂ ನಾನು ಈ ಬಗ್ಗೆ ಕೇಳಿದೆ. ಈಗ ಅವರು ಸ್ವತಃ ಗುಂಪಿನಲ್ಲಿದ್ದಾರೆ, ಮಗಳ ಹಳೆಯ ಮೊಬೈಲಿನಿಂದ. ದಿನಾ ಮೂರೂ ದರ ನೋಡುತ್ತಾರೆ. ಪಟ್ಟಿ ಹಾಕುವಿರಾ ಎಂದರೆ, ‘ಗಂಡಸರಿಲ್ಲದ ಮನೆ, ದುಡ್ಡು ಬಂದದ್ದನ್ನು ಊರಿಗೆ ಹೇಳಿಕೊಂಡು ಮಲಗುವುದು ಹೇಗೆ ಸ್ವಾಮಿ?’ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗಾಗಿ ಪಟ್ಟಿಗಳು ಕಡಿಮೆಯಾದವು. ಹಾಕುವವರೂ ಹೆಸರು ಮತ್ತು ಒಟ್ಟು ಮೊತ್ತದ ಮೇಲೆ ಬೆರಳಿಟ್ಟು ಚಿತ್ರ ತೆಗೆಯಲಾರಂಭಿಸಿದರು. ಆಗ ಹಳೆಯ ತೊಂದರೆ ಇಣುಕಿತು. ಹೆಸರು ಮುಚ್ಚಿದ ಒಂದು ಪಟ್ಟಿ ಬೇರೆ ತಾಲ್ಲೂಕಿನದು, ಹಿಂದಿನ ವರ್ಷದ್ದು ಎಂದು ಆಮೇಲೆ ತಿಳಿಯಿತು. ಈಗಿನ ಏರ್ಪಾಡು ಹೀಗಿದೆ: ಪಟ್ಟಿಯನ್ನು ಪೂರ್ತಿಯಾಗಿ ಅಡ್ಮಿನ್‌ಗೆ ಮತ್ತು ಮೇಷ್ಟ್ರಿಗೆ ಮಾತ್ರ ಕಳುಹಿಸಬೇಕು. ಅವರಿಬ್ಬರೂ ನೋಡಿದ ಮೇಲೆ ದರ, ದರ್ಜೆ, ಮಾರುಕಟ್ಟೆ, ದಿನಾಂಕ ಇಷ್ಟನ್ನು ಮೇಷ್ಟ್ರು ತಮ್ಮ ಹೆಸರಿನಲ್ಲಿ ಗುಂಪಿಗೆ ಹಾಕುತ್ತಾರೆ. ಆ ತಾಯಿಯೂ ಈ ದಾರಿಯಲ್ಲಿ ಕಳುಹಿಸಿದ್ದಾರೆ. ಅಡ್ಮಿನ್ ಯುವಕ ಈಚೆಗೆ ಅಡಿಕೆ ದಾಸ್ತಾನಿನ ಸಣ್ಣ ವ್ಯಾಪಾರ ಶುರುಮಾಡಿದ್ದಾನೆ. ಎಲ್ಲರ ಪಟ್ಟಿ ನೋಡುವ ಅವಕಾಶ ಇನ್ನು ಮುಂದೆ ಅವನಿಗೆ ಇರಬೇಕೇ ಎಂದು ಗುಂಪಿನಲ್ಲಿ ಕೆಲವರು ಕೇಳಿದ್ದಾರೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.